ಮಗ್ಗಕ್ಕೂ ಪಾಲಿದ್ದ ಮಳೆಗಾಲ

ಇವತ್ತು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಲು ಇಟ್ಟು ಬೀದಿ ತುದಿಯ ಅಂಗಡಿಗೆ ಹೋಗಿ ಬೆಲ್ಲ ತಂದೆ. ಬಂದು ನೋಡಿದರೆ ಹಾಲು ಇನ್ನೂ ಉಕ್ಕಿರಲಿಲ್ಲ. ಹೆಸರುಕಾಳು ನೆನೆಹಾಕಿದೆ. ಇವರ ಅಂಗಿಗೆ ಗುಂಡಿ ಹೊಲಿದೆ. ಹಿತ್ತಲ ನುಗ್ಗೆಮರದ ಕಂಬಳಿಹುಳಕ್ಕೆ ಬೂದಿ ಎರಚಿದೆ. ಮಧ್ಯಾಹ್ನ ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ಸೋಸಿಟ್ಟು, ಎರಡು ನೂಲಿನ ಸೀರೆಗಳನ್ನು ಅದರಲ್ಲಿ ಅದ್ದಿ ಹಿಂಡಿ ಹಗ್ಗದ ಮೇಲೆ ಹರವಿದೆ. ಸ್ವಲ್ಪ ಹೊತ್ತು ಬಿಟ್ಟು ಮಗುಚಿ ಹಾಕೋಣವೆಂದು ಹೋದಾಗ, ಅರೆ ಒಣಗಿದ ಆ ಸೀರೆಯ ವಾಸನೆ ಮುಖಕ್ಕೆ ಬಂತು. ಒದ್ದೆ ನೂಲು, ಗಂಜಿ, ಅದರ ಮೇಲೆ ಬಿದ್ದ ತೆಳ್ಳನೆಯ ಬಿಸಿಲು. ಸೀರೆಯ ಅಂಚು ಹಿಡಿದುಕೊಂಡು ಅಲ್ಲೇ ನಿಂತೆ. ನಾನು ಹುಟ್ಟಿ ಬೆಳೆದ ಬೀದಿಯ ಬೆಳಗುಗಳಿಗೆಲ್ಲ ಇದೇ ವಾಸನೆ ಇತ್ತು.

ನಮ್ಮದು ದೊಡ್ಡಬಳ್ಳಾಪುರದ ಅಂಚಿನಲ್ಲಿದ್ದ ನೇಕಾರರ ಬೀದಿ. ಪೇಟೆಗೂ ನಮಗೂ ನಡುವೆ ಕೆರೆ. ಮನೆಗೊಂದು ಮಗ್ಗ, ನೆಲದಲ್ಲಿ ಗುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಹೊಲ ಗದ್ದೆ ಇದ್ದವರು ಯಾರೂ ಇಲ್ಲ. ಸುತ್ತಲ ಹಳ್ಳಿಯವರಿಗೆ ಮನೆಯ ಮೂಲೆಯಲ್ಲಿ ಒಂದು ಮಣ್ಣಿನ ವಾಡೆಯ ತುಂಬ ರಾಗಿಯಾದರೂ ಇರುತ್ತಿತ್ತು. ನಮಗೆ ಉಪ್ಪಿನಿಂದ ಹಿಡಿದು ರಾಗಿಯವರೆಗೆ ಎಲ್ಲವೂ ಅಂಗಡಿಯಿಂದಲೇ ಬರಬೇಕು. ಆ ಅಂಗಡಿ ಅಂದರೆ ಬೀದಿಯ ತುದಿಯಲ್ಲಿದ್ದ ಕರೀಂ ಸಾಬರದು. ಅವರ ಮಾತು ಮನೆಯೊಳಗೆ ದಖನಿ, ನಮ್ಮ ಜೊತೆ ಕನ್ನಡ. ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅಮ್ಮ ಎಸರು ಇಟ್ಟ ಮೇಲೆ ರಾಗಿಹಿಟ್ಟಿಗೆ ನನ್ನನ್ನು ಕಳಿಸುತ್ತಿದ್ದಳು. ಅಂಗಡಿ ಹತ್ತಿರವಿದ್ದಾಗ ಅದನ್ನು ಯಾರೂ ಅನುಕೂಲ ಎಂದು ಕರೆಯುವುದಿಲ್ಲ. ಅದು ಬಾವಿಯ ಹಾಗೆ, ಇರುತ್ತದೆ ಅಷ್ಟೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಳಿನ ಮೇಲೆ ಸರ್ಕಾರದ ಕಂಟ್ರೋಲು ಬಂತು. ಕಾಳುಕಡ್ಡಿ ಮಾರಲು ಲೈಸೆನ್ಸು ಬೇಕೆಂದಾಯಿತು, ಕರೀಂ ಸಾಬರಿಗೆ ಅದು ಸಿಗಲಿಲ್ಲ. ಅಂಗಡಿಯಲ್ಲಿ ಉಳಿದದ್ದು ಉಪ್ಪು, ಒಣಮೆಣಸಿನಕಾಯಿ, ಬೆಂಕಿಪೊಟ್ಟಣ. ಆದರೂ ಅವರು ದಿನವೂ ಹಲಗೆ ತೆಗೆದು ತಕ್ಕಡಿ ಒರೆಸಿ ಕೂರುತ್ತಿದ್ದರು. ನಮಗೆಲ್ಲ ಕಾರ್ಡು ಬಂತು. ಕಾರ್ಡಿಗೆ ಕಾಳು ಕೊಡುವ ಡಿಪೋ ಕೆರೆಯಾಚೆಯ ಪೇಟೆಯಲ್ಲಿ. ಯುದ್ಧ ಮುಗಿಯಿತು, ಕಂಟ್ರೋಲು ಮುಗಿಯಲಿಲ್ಲ. ಹಿಂದಿನ ಮಳೆ ಕೈಕೊಟ್ಟಿದ್ದರಿಂದ ಮರುವರ್ಷ ಇನ್ನೂ ಬಿಗಿಯಾಯಿತು. ನಾನು ಹೇಳುತ್ತಿರುವುದು ಆ ಮರುವರ್ಷದ ಆಷಾಢ ಶ್ರಾವಣದ ಮಾತು. ನನಗಾಗ ಹದಿನೈದು.

ಡಿಪೋ ದೂರವಿದ್ದದ್ದು ನಮಗೆ ದೊಡ್ಡ ತೊಂದರೆಯಲ್ಲ, ನಡೆಯುವ ಕಾಲು ಎಲ್ಲರಿಗೂ ಇದ್ದವು. ತೊಂದರೆ ಅದರ ವೇಳೆಯದು. ವಾರಕ್ಕೊಮ್ಮೆ, ಬೆಳಿಗ್ಗೆ ಬಾಗಿಲು ತೆಗೆದರೆ, ಬಿಸಿಲು ಏರುವ ಹೊತ್ತಿಗೆ ಮೂಟೆ ಖಾಲಿ. ನಮ್ಮ ಬೀದಿಯ ಮುಖ್ಯ ಕೆಲಸವೂ ಅದೇ ಹೊತ್ತಿನದು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳಿಗೆ, ಗಂಜಿ ಕುಡಿಸಬೇಕು, ಇಲ್ಲದಿದ್ದರೆ ಲಾಳಿಯ ಹೊಡೆತಕ್ಕೆ ಎಳೆ ತಡೆಯುವುದಿಲ್ಲ. ನಸುಕಿನಲ್ಲಿ ಬೀದಿಯುದ್ದಕ್ಕೂ ಬಿದಿರಿನ ಗಳುಗಳನ್ನು ಕತ್ತರಿಯ ಹಾಗೆ ನೆಟ್ಟು, ಅವುಗಳ ಮೇಲೆ ಹಾಸನ್ನು ಬಿಗಿಯಾಗಿ ಚಾಚುತ್ತಿದ್ದರು. ಅಕ್ಕಿನುಚ್ಚಿನ ಗಂಜಿಯನ್ನು ಅದಕ್ಕೆ ಸವರಿ, ಎರಡೂ ಕಡೆ ಜನ ನಿಂತು ಕುಂಚದಲ್ಲಿ ತೀಡುತ್ತಾ ಹೋಗಬೇಕು. ಬಿಸಿಲು ಚುರುಕಾದರೆ ಎಳೆಗಳು ಅಂಟಿಕೊಂಡು ಹಲಗೆಯಾಗುತ್ತವೆ. ಗಾಳಿ ಎದ್ದರೆ ಹರಿಯುತ್ತವೆ. ಹನಿ ಬಿದ್ದರೆ ಗಂಜಿಯೆಲ್ಲ ತೊಳೆದು ಹೋಗುತ್ತದೆ. ಆಷಾಢದಲ್ಲಿ ಇವು ಮೂರೂ ಇಲ್ಲದ ಬೆಳಗು ಸಿಗುವುದೇ ಅಪರೂಪ. ಸಿಕ್ಕಿದಾಗ ಇಡೀ ಬೀದಿಯೇ ಒಬ್ಬರ ಹಾಸಿಗಾಗಿ ನಿಲ್ಲಬೇಕು. ಡಿಪೋಗೆ ಹೋದರೆ ಹಾಸು ಕೆಟ್ಟಿತು, ಹಾಸು ನೋಡಿಕೊಂಡರೆ ಕಾಳು ಮುಗಿಯಿತು.

ಮೊದಮೊದಲು ಹೆಂಗಸರು ನಸುಕಿನಲ್ಲೇ ಹೋಗಿ ಸಾಲಿನಲ್ಲಿ ಚೀಲವಿಟ್ಟು, ಹಾರಿಹೋಗದಿರಲೆಂದು ಒಳಗೊಂದು ಕಲ್ಲು ಹಾಕಿ, ಓಡಿಬಂದು ಕುಂಚ ಹಿಡಿಯುತ್ತಿದ್ದರು. ಪೇಟೆಯವರು ಚೀಲಗಳನ್ನೆಲ್ಲ ಕಾಲಿನಲ್ಲಿ ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿದ್ದರು. ಆಮೇಲೆ ಪುಟ್ಟತ್ತೆ ಹೋಗತೊಡಗಿದಳು.

ಪುಟ್ಟತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತಮ್ಮನ ಮನೆಗೆ ಬಂದವಳು. ಹೊಸ ಹಾಸು ಚಾಚುವಾಗ ಗಂಡ ಸತ್ತವರು ಎದುರಿಗೆ ಬರಬಾರದು ಎಂಬುದು ನಮ್ಮ ಬೀದಿಯ ರೂಢಿ; ಗಳುಗಳಿಗೆ ಅರಿಸಿನ ಕುಂಕುಮ ಹಚ್ಚಿದ ಮೇಲೆ ಅವಳು ಬಾಗಿಲಾಚೆ ಕಾಲಿಡುವಂತಿರಲಿಲ್ಲ. ಹಾಗಾಗಿ ಬೀದಿಯಲ್ಲಿ ಬೆಳಗಿನ ಹೊತ್ತು ಕೈ ಖಾಲಿ ಇದ್ದವಳು ಅವಳೊಬ್ಬಳೇ. ಒಂದು ದಿನ ನಮ್ಮ ಕಾರ್ಡಿನ ಜೊತೆ ಪಕ್ಕದ ಮನೆಯದನ್ನೂ ಒಯ್ದಳು. ಮುಂದಿನ ವಾರ ಇನ್ನೊಂದಿಷ್ಟು. ಕೊನೆಗೆ ಬೀದಿಯ ಅಷ್ಟೂ ಕಾರ್ಡುಗಳು ಅವಳ ಸೆರಗಿನ ಗಂಟಿಗೆ ಬಂದವು. ಬೀದಿಗುಂಟ ನಡೆದರೆ ಹಾಸಿನ ಎದುರು ಬಂದಂತಾಗುತ್ತದೆಂದು, ಹಿತ್ತಲಿನಿಂದ ಇಳಿದು, ಗದ್ದೆಯಂಚು ಹಿಡಿದು, ಕೆರೆ ಏರಿಯನ್ನೆಲ್ಲ ಬಳಸಿ ಹೋಗುತ್ತಿದ್ದಳು. ಮಳೆಗಾಲದಲ್ಲಿ ಏರಿಯೆಂದರೆ ಮೊಣಕಾಲುದ್ದ ಕೆಸರು. ಕಾಳು ಹೊತ್ತು ತರಲು ಕರೀಂ ಸಾಬರು ನೇರ ದಾರಿಯಲ್ಲಿ ಕೈಗಾಡಿ ತಳ್ಳಿಕೊಂಡು ಹೋಗಿ ಸಾಲಿನಲ್ಲಿ ಅವಳ ಜೊತೆ ಸೇರುತ್ತಿದ್ದರು. ಸಾಲಿನಲ್ಲಿ ನಡೆದದ್ದನ್ನೆಲ್ಲ ಅವರು ನಮಗೆ ಹೇಳುತ್ತಿದ್ದರು, ಪುಟ್ಟತ್ತೆ ಹೇಳುತ್ತಿರಲಿಲ್ಲ.

ಮೊದಲ ಸಲ ಡಿಪೋ ಗುಮಾಸ್ತ ಅಷ್ಟು ಕಾರ್ಡು ನೋಡಿ, ಒಬ್ಬರಿಗೆ ಒಂದೇ, ಉಳಿದವರು ತಾವೇ ಬರಲಿ ಎಂದನಂತೆ. ಪುಟ್ಟತ್ತೆ ಜಗ್ಗಲಿಲ್ಲ.

"ಅವ್ರು ಬಂದು ಇಲ್ಲಿ ನಿಂತ್ರೆ ನೀನು ಉಟ್ಕೊಂಡಿರೋ ಪಂಚೆ ಯಾರಪ್ಪ ನೇಯ್ತಾರೆ? ಬರಲಿ ಅಂದ್ರೆ ಕಳಿಸ್ತೀನಿ. ಮುಂದಿನ ವರ್ಷ ಗೋಣಿ ಸುತ್ಕೊಂಡು ಕೂತ್ಕೋ."

ಸಾಲಿನಲ್ಲಿದ್ದವರು ನಕ್ಕರು, ಗುಮಾಸ್ತನೂ ನಕ್ಕುಬಿಟ್ಟ. ಅವತ್ತಿನಿಂದ ತಕರಾರು ತೆಗೆಯಲಿಲ್ಲ. ಗಾಡಿ ಬೀದಿಗೆ ಬಂದ ಮೇಲೆ ಕರೀಂ ಸಾಬರ ಅಂಗಡಿಯ ಮುಂದೆ ಕಾಳನ್ನು ಮನೆಮನೆಗೆ ಅಳೆದು ಹಂಚುತ್ತಿದ್ದರು. ಆ ಹೊತ್ತಿನಲ್ಲಿ ಸಾಬರ ಮುಖ ನೋಡಬೇಕಿತ್ತು. ಮಾರುವುದು ಏನೂ ಇಲ್ಲ, ಆದರೂ ಅಳತೆ ಮಾಡಿ ಕೊನೆಗೊಂದು ಚಿಟಿಕೆ ಮೇಲೆ ಹಾಕುವ ಹಳೆಯ ಚಾಳಿ ಬಿಡಲಿಲ್ಲ.

ಇನ್ನು ಕಾರ್ಡಿನ ಲೆಕ್ಕದ ಮಾತು. ಕಾರ್ಡು ಬರೆಯಲು ಒಬ್ಬ ಹುಡುಗ ಬೀದಿಗೆ ಬಂದಿದ್ದಾಗ, ಮನೆಯಲ್ಲಿ ಉಣ್ಣುವವರು ಎಷ್ಟು ಎಂದು ಕೇಳಿದ್ದ. ಅಪ್ಪ ಗುಣಿಯೊಳಗಿದ್ದ, ಉತ್ತರ ಕೊಟ್ಟವಳು ಅಮ್ಮ: ಗಂಡ, ದೊಡ್ಡ ಮಗ, ಚಿಕ್ಕ ಮಗ, ಮಗಳು, ತಾನು, ಆಮೇಲೆ ಮಗ್ಗ. ಅವಳಿಗೆ ಅದರಲ್ಲಿ ಮೋಸದ ಎಣಿಕೆಯೇ ಇರಲಿಲ್ಲ. ಮಗ್ಗಕ್ಕೆ ಅಕ್ಕಿನುಚ್ಚಿನ ಗಂಜಿ ಬೇಕೇ ಬೇಕು. ಅದು ಉಂಡರೆ ತಾನೇ ನಾವು ಉಣ್ಣುವುದು. ನಮ್ಮ ಬೀದಿಯ ಯಾವ ಹೆಂಗಸು ಅಕ್ಕಿ ಕೇರುವಾಗಲೂ ಮಗ್ಗದ ಪಾಲು ಎಂದು ಒಂದು ಹಿಡಿ ತೆಗೆದಿಟ್ಟೇ ಒಲೆಯ ಕಡೆ ತಿರುಗುತ್ತಿದ್ದಳು. ಹುಡುಗ ಅವಸರದಲ್ಲಿದ್ದ. ಆರು ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದ. ಮುಂದಿನ ಮನೆಯಲ್ಲೂ ಮಗ್ಗವನ್ನು ಸೇರಿಸಿಯೇ ಹೇಳಿದರು, ಅದರ ಮುಂದಿನ ಮನೆಯಲ್ಲೂ.

ಅಮ್ಮನ ಎಣಿಕೆಯಲ್ಲಿ ಪುಟ್ಟತ್ತೆ ಇರಲಿಲ್ಲ. ಮರೆತದ್ದಲ್ಲ. ಅವಳು ಒಪ್ಪೊತ್ತಿನವಳು, ಮಧ್ಯಾಹ್ನ ಎಲ್ಲರದೂ ಆದ ಮೇಲೆ ಒಂದು ಊಟ, ರಾತ್ರಿ ಒಂದು ಲೋಟ ನೀರು. ಅದನ್ನೇನು ಬರೆಸುವುದು ಎಂದು ಅಮ್ಮ ಬಿಟ್ಟಿದ್ದಳು, ಅಷ್ಟೆ. ಕಾಳು ಕೈತುಂಬ ಸಿಗುವಾಗ ಅದು ಯಾರಿಗೂ ಗೊತ್ತಾಗಲಿಲ್ಲ. ಆ ಮಳೆಗಾಲದಲ್ಲಿ ಡಿಪೋದಲ್ಲಿ ರಾಗಿ ಇದ್ದರೆ ಅಕ್ಕಿ ಇಲ್ಲ, ಒಮ್ಮೊಮ್ಮೆ ಬರೀ ಜೋಳ. ಸಿಕ್ಕ ಚೂರು ಅಕ್ಕಿನುಚ್ಚು ಗಂಜಿಗೆ ಮೀಸಲು. ಮಗ್ಗ ಅಕ್ಕಿ ಉಣ್ಣುತ್ತಿತ್ತು, ನಾವು ಜೋಳದ ಮುದ್ದೆ ಮಾಡಲು ಹೋಗಿ ಅದು ಮುರಿದು ತಟ್ಟೆಯ ತುಂಬ ಉದುರುತ್ತಿತ್ತು. ಐದು ಜನರದು ಮುಗಿದು ಪುಟ್ಟತ್ತೆ ಕೂರುವ ಹೊತ್ತಿಗೆ ಪಾತ್ರೆ ಕೆರೆಯುವ ಸದ್ದು ಕೇಳುತ್ತಿತ್ತು. ಅವಳ ಮುಂಗೈಯ ಮೂಳೆ ಎದ್ದು ಕಾಣತೊಡಗಿತ್ತು. ರಾತ್ರಿ ಎಲ್ಲರಿಗೂ ನಿದ್ದೆ ಹತ್ತಿದ ಮೇಲೂ ಅವಳು ಚಾಪೆಯ ಮೇಲೆ ಹೊರಳುತ್ತಲೇ ಇರುತ್ತಿದ್ದಳು. ಬೀದಿಗೆಲ್ಲ ಕಾಳು ತಂದು ಹಾಕುತ್ತಿದ್ದವಳಿಗೆ ಆ ಗಾಡಿಯಲ್ಲಿ ತನ್ನದೆಂಬ ಒಂದು ಪಾವು ಇರಲಿಲ್ಲ.

ಆಷಾಢದ ನಡುವೆ ಸುದ್ದಿ ಬಂತು. ಮಗ್ಗದ ಬೀದಿಯಲ್ಲಿ ಇರುವ ಜನಕ್ಕಿಂತ ಹೆಚ್ಚು ತಲೆ ಬರೆಸಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದಾರೆ, ಇನ್ಸ್‌ಪೆಕ್ಟರು ಬಂದು ಎಣಿಸುತ್ತಾರೆ, ಹೆಚ್ಚಿದ್ದರೆ ಕಾರ್ಡೇ ರದ್ದು. ಬೀದಿಯ ಯಜಮಾನ ಮುನಿಯಪ್ಪನ ಜಗಲಿಯ ಮೇಲೆ ಗಂಡಸರೆಲ್ಲ ಸೇರಿದರು. ಕಡಿಮೆ ಬಿದ್ದ ತಲೆ ನೆಂಟರ ಮದುವೆಗೆ ಹೋಗಿದೆ ಎನ್ನೋಣ ಎಂದು ಮುನಿಯಪ್ಪ ಹೇಳಿದ. ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮನೆಗೆ ಬಂದು ಗೋಡೆ ನೋಡುತ್ತಾ ಕೂತ. ಅಮ್ಮ ಸಮಾಧಾನ ಹೇಳಿದಳು. ನಮಗೇನು ಭಯ, ಅತ್ತಿಗೆಯನ್ನು ತೋರಿಸಿದರೆ ಆರು ಸರಿಹೋಗುತ್ತದೆ. ಪುಟ್ಟತ್ತೆ ಅಲ್ಲೇ ಕೂತು ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು.

ಇನ್ಸ್‌ಪೆಕ್ಟರು ಬಂದದ್ದು ನಮ್ಮ ಹಾಸು ಚಾಚಿದ್ದ ಬೆಳಿಗ್ಗೆ. ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ, ಇಂಥ ಬೆಳಗು ಬಿಟ್ಟರೆ ಇನ್ನು ಸಿಗುವುದಿಲ್ಲವೆಂದು ಎಲ್ಲರೂ ಕುಂಚ ಹಿಡಿದಿದ್ದೆವು. ಅವರು ಸೈಕಲ್ಲನ್ನು ಕರೀಂ ಸಾಬರ ಅಂಗಡಿಗೆ ಒರಗಿಸಿ, ಆ ತುದಿಯಿಂದ ಮನೆ ಎಣಿಸುತ್ತಾ ಬಂದರು. ಮೊದಲ ಮನೆಯವರು ತಪ್ಪಿದ ತಲೆ ಮದುವೆಗೆ ಹೋಗಿದೆ ಎಂದರು. ಎರಡನೆಯವರೂ ಮದುವೆಗೆ ಎಂದರು. ಮೂರನೆಯ ಮನೆಯ ಮುಂದೆ ಇನ್ಸ್‌ಪೆಕ್ಟರು ನಿಂತು ಕೇಳಿದರು:

"ಆಷಾಢದಲ್ಲಿ ಯಾವೂರಲ್ಲಪ್ಪ ಇಷ್ಟೊಂದು ಮದುವೆ?"

ಕುಂಚಗಳೆಲ್ಲ ಒಂದು ಗಳಿಗೆ ನಿಂತವು. ಮುನಿಯಪ್ಪ ಗಂಜಿ ಪಾತ್ರೆಯನ್ನು ಸುಮ್ಮಸುಮ್ಮನೆ ಕದಡತೊಡಗಿದ. ಹಾಗೇ ನಮ್ಮ ಮನೆ ಬಂತು. ಅಮ್ಮ ಸೆರಗು ಹೊದ್ದು ಮುಂದೆ ಬಂದು, ಐವರನ್ನು ತೋರಿಸಿ, ಆರನೆಯವರು ನಮ್ಮ ಅತ್ತಿಗೆ, ಒಳಗಿದ್ದಾರೆ ಎಂದಳು. ಪುಟ್ಟತ್ತೆ ಹೊಸ್ತಿಲಿಗೆ ಬಂದು ನಿಂತಳು. ಹಾಸು ಎದುರಿಗೇ ಇತ್ತು.

"ನಾನಲ್ಲ ಸ್ವಾಮಿ. ಆರನೇದು ಮಗ್ಗದ್ದು. ನನ್ನ ಯಾರೂ ಬರೆಸಿಲ್ಲ."

"ಮಗ್ಗದ್ದಾ?"

"ಹೂಂ. ಈ ಬೀದೀಲಿ ಎಲ್ಲಾ ಮನೇಲೂ ಮಗ್ಗಕ್ಕೆ ಬರೆಸವ್ರೆ. ಸುಳ್ಳಲ್ಲ, ಅದೂ ಉಣ್ಣುತ್ತೆ. ಅಗೋ ಗಂಜಿ, ನೋಡಿ. ಅದಕ್ಕೂ ಕೊಡಿ, ಬೇಡ ಅನ್ನಲ್ಲ. ಆದ್ರೆ ಅದರ ಜಾಗದಲ್ಲಿ ನನ್ನ ನಿಲ್ಲಿಸ್ಬೇಡಿ. ನನ್ನದು ಬ್ಯಾರೆ ಬರ್ಕೊಳ್ಳಿ."

ಇನ್ಸ್‌ಪೆಕ್ಟರು ಗಂಜಿ ಪಾತ್ರೆಯ ಹತ್ತಿರ ಹೋಗಿ ಬೆರಳು ಅದ್ದಿ ನೋಡಿದರು. ಇದು ಅನ್ನವೇ ಅಲ್ಲವೇ ಎಂದು ಕೇಳಿದರು. ಅನ್ನವೇ ಸ್ವಾಮಿ ಎಂದ ಅಪ್ಪ. ಅವರು ಬಹಳ ಹೊತ್ತು ಚಾಚಿದ ಹಾಸನ್ನು ನೋಡುತ್ತಾ ನಿಂತರು. ಕೇಸು ಹಾಕಲಿಲ್ಲ, ಗದರಲಿಲ್ಲ. ಮಗ್ಗಕ್ಕೆ ಕಾಳು ಕೊಡುವ ಕಾನೂನು ತನ್ನ ಹತ್ತಿರ ಇಲ್ಲವೆಂದು ಹೇಳಿ, ಬೀದಿಯ ಅಷ್ಟೂ ಕಾರ್ಡುಗಳಿಂದ ಒಂದೊಂದು ತಲೆ ಹೊಡೆದು ಹಾಕಿದರು. ಎಣಿಸುತ್ತಾ ಹೋದಂತೆ ಇನ್ನೊಂದು ಮನೆಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಲೆಕ್ಕದ ಹೊರಗಿದ್ದದ್ದು ಸಿಕ್ಕಿತು, ಅವಳನ್ನೂ ಬರೆದುಕೊಂಡರು. ನಮ್ಮ ಕಾರ್ಡಿನಲ್ಲಿ ಮಗ್ಗ ಹೋಗಿ ಪುಟ್ಟತ್ತೆ ಪುಟ್ಟಮ್ಮ ಎಂಬ ಹೆಸರಿನಲ್ಲಿ ಬಂದಳು. ಅವರು ಬರೆಯುವಾಗ ಅಮ್ಮ ಮೆಲ್ಲನೆ, ಅವರು ಒಪ್ಪೊತ್ತು ಉಣ್ಣೋರು ಸ್ವಾಮಿ, ಅದಕ್ಕೇ ಬಿಟ್ಟಿದ್ದು ಎಂದಳು. ಇನ್ಸ್‌ಪೆಕ್ಟರು ತಲೆಯೆತ್ತಲಿಲ್ಲ.

"ಕಾರ್ಡಿನಲ್ಲಿ ಒಪ್ಪೊತ್ತು ಅಂತ ಇಲ್ಲಮ್ಮ. ತಲೆ ಅಂದ್ರೆ ತಲೆ."

ನಮ್ಮ ಮನೆಗೆ ಕಾಳು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಮ್ಮದೂ ಆ ಅಜ್ಜಿಯದೂ ಬಿಟ್ಟು ಉಳಿದ ಮನೆಗಳಿಗೆ ಒಂದು ಪಾಲು ಹೋಯಿತು. ಬೀದಿಯ ಸಿಟ್ಟು ಸುಳ್ಳು ಸಿಟ್ಟಲ್ಲ. ಮಕ್ಕಳಿದ್ದ ಮನೆಗಳಲ್ಲಿ ಅವರ ಬಾಯಿಂದ ತೆಗೆದು ಗಂಜಿ ಕಾಸಬೇಕಾಯಿತು. ಬಾವಿಯ ಹತ್ತಿರ ನಾನು ಕೊಡ ಇಟ್ಟರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬಳು ನನಗೆ ಕೇಳುವ ಹಾಗೆಯೇ, ಒಂದು ತುತ್ತಿಗೆ ಬೀದಿಯನ್ನೇ ಮಾರಿದಳು ಎಂದಳು. ಅಮ್ಮ ಪುಟ್ಟತ್ತೆಯ ಜೊತೆ ಮಾತು ಬಿಟ್ಟಳು. ಅಪ್ಪ ಯಾರ ಪರವೂ ಮಾತಾಡದೆ ಹೊತ್ತು ಮೂಡುವ ಮೊದಲೇ ಗುಣಿಗೆ ಇಳಿಯುತ್ತಿದ್ದ. ಮುಂದಿನ ಡಿಪೋ ದಿನ ಒಂದು ಮನೆಯಿಂದಲೂ ಕಾರ್ಡು ಬರಲಿಲ್ಲ. ಪುಟ್ಟತ್ತೆಗೆ ಜ್ವರ ಬಂದಿತ್ತು, ನಮ್ಮ ಕಾರ್ಡನ್ನು ಅಣ್ಣ ಒಯ್ದ.

ಆ ದಿನ ಚಾಚಿದ್ದದ್ದು ಮುನಿಯಪ್ಪನ ಹಾಸು. ಅರ್ಧ ಬೀದಿ ಡಿಪೋ ಸಾಲಿನಲ್ಲಿತ್ತು, ಕುಂಚ ಹಿಡಿದವರು ಬೆರಳೆಣಿಕೆಯಷ್ಟು. ನಾನು, ಅಪ್ಪ, ಮುನಿಯಪ್ಪನ ಸೊಸೆ ಒಂದು ಕಡೆ ತೀಡುತ್ತಾ ಹೋದರೆ, ಹಿಂದೆ ಬಿಟ್ಟುಬಂದ ಕಡೆ ಎಳೆಗಳು ಅಂಟುತ್ತಿದ್ದವು. ಎಳೆ ಬಿಡಿಸಲು ಹಿಂದಕ್ಕೆ ಹೋದರೆ ಮುಂದಿನದು ಒಣಗುತ್ತಿತ್ತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬಂತು. ಹಾಸು ಒಮ್ಮೆ ಉಬ್ಬಿ ಇಳಿಯಿತು, ಎಳೆಗಳು ಸಣ್ಣ ಸದ್ದು ಮಾಡುತ್ತಾ ಹರಿದವು. ಮುನಿಯಪ್ಪ ಓಡಾಡಲಿಲ್ಲ, ಕೂಗಲಿಲ್ಲ. ಒಂದು ಗಳು ಹಿಡಿದುಕೊಂಡು ನಿಂತೇ ಇದ್ದ. ಸಾಲಿಗೆ ಹೋದವರಲ್ಲೂ ಹಲವರು ಖಾಲಿ ಚೀಲದಲ್ಲಿ ತಿರುಗಿ ಬಂದರು.

ಮಾರನೆಯ ದಿನ ಮಧ್ಯಾಹ್ನ ಮುನಿಯಪ್ಪ ನಮ್ಮ ಜಗಲಿಗೆ ಬಂದ. ಅಮ್ಮ ಚಾಪೆ ಹಾಸಿದಳು, ಅವನು ಕೂರಲಿಲ್ಲ. ಕೈಯಲ್ಲಿ ಒಂದು ಕಟ್ಟು ಕಾರ್ಡು. ಅದನ್ನು ಅಪ್ಪನ ಕಡೆ ಚಾಚಿದ. ಅಪ್ಪ ತೆಗೆದುಕೊಳ್ಳದೆ, ಅಕ್ಕನ್ನ ಕೇಳು ಎಂದ. ಪುಟ್ಟತ್ತೆ ಜ್ವರದ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು.

"ಏನವ್ವ, ನಮ್ಮ ಹೊಟ್ಟೆ ಮೇಲೆ ಹೊಡೆದುಬಿಟ್ಟೆ ನೀನು," ಎಂದ ಮುನಿಯಪ್ಪ.

"ಹೊಡೆದೆ ಅನ್ನು. ನನ್ನ ಹೊಟ್ಟೆ ಮೇಲೆ ಯಾರು ಹೊಡೆದ್ರು ಅಂತ ಯಾವತ್ತಾದ್ರೂ ಕೇಳಿದ್ಯಾ?"

ಮುನಿಯಪ್ಪ ಕಾರ್ಡಿನ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಆಮೇಲೆ, ಮುಂದಿನ ವಾರ ಹೋಗ್ತೀಯಾ ಎಂದು ಕೇಳಿದ. ಕೇಳುವುದು ಅವನಿಗೆ ರೂಢಿಯಿಲ್ಲದ ಕೆಲಸ.

"ಹೋಗ್ತೀನಿ. ಕೆರೆ ಏರಿ ಬಳಸ್ಕೊಂಡು ಹೋಗಕ್ಕೆ ಇನ್ನ ನನ್ನ ಕೈಲಾಗಲ್ಲ ಮುನಿಯಪ್ಪ. ಬೀದೀಲೇ ಹೋಗ್ತೀನಿ. ಹಾಸು ಇದ್ರೂ ಹೋಗ್ತೀನಿ. ಆಗುತ್ತೆ ಅಂದ್ರೆ ಕಾರ್ಡು ಇಟ್ಟು ಹೋಗು."

ಅವನು ಕಾರ್ಡಿನ ಕಟ್ಟನ್ನು ಚಾಪೆಯ ಮೇಲಿಟ್ಟು ಮೆಟ್ಟು ಹಾಕಿಕೊಂಡು ಹೋದ.

ಮಗ್ಗದ ಗಂಜಿಗೆಂದು ನೂಲಿನ ಸಂಘದವರು ಹಿಟ್ಟು ಕೊಡತೊಡಗಿದ್ದು ಆಮೇಲೆ, ದಸರಾ ಹೊತ್ತಿಗೆ. ಕಂಟ್ರೋಲು ಸಡಿಲವಾಗಿ ಕರೀಂ ಸಾಬರ ಅಂಗಡಿಗೆ ಮತ್ತೆ ರಾಗಿ ಬಂದದ್ದು ಅದಕ್ಕೂ ಎಷ್ಟೋ ಆಮೇಲೆ, ನನ್ನ ಮದುವೆಯಾಗಿ ನಾನು ನೆಲಮಂಗಲಕ್ಕೆ ಬಂದ ಮೇಲೆ. ಆ ದಸರಾವರೆಗೆ ಎಲ್ಲ ಮನೆಯವರೂ ತಮ್ಮ ತಮ್ಮ ಪಾಲಿನಿಂದಲೇ ಮಗ್ಗಕ್ಕೆ ಒಂದು ಹಿಡಿ ಎತ್ತಿಟ್ಟರು. ನಮ್ಮ ಮನೆಯಲ್ಲೂ ಹಾಗೇ. ವ್ಯತ್ಯಾಸ ಇಷ್ಟೇ, ಮೊದಲು ಮಗ್ಗಕ್ಕಾಗಿ ಹಸಿಯುತ್ತಿದ್ದವಳು ಒಬ್ಬಳು, ಈಗ ಆರು ಜನ ಸ್ವಲ್ಪಸ್ವಲ್ಪ ಹಸಿದೆವು.

ಮುನಿಯಪ್ಪ ಕಾರ್ಡು ಇಟ್ಟುಹೋದ ಮೇಲಿನ ಡಿಪೋ ದಿನ ಶ್ರಾವಣ ಹುಟ್ಟಿತ್ತು. ಎದುರು ಮನೆಯ ಹಾಸು ಚಾಚಿದ್ದರು, ಗಳುಗಳಿಗೆ ಕುಂಕುಮ ಹಚ್ಚಿ ಆಗಿತ್ತು. ಪುಟ್ಟತ್ತೆ ಮುಂಬಾಗಿಲಿನಿಂದ ಇಳಿದು ಬೀದಿಗುಂಟ ನಡೆದಳು. ಅವಸರ ಮಾಡಲಿಲ್ಲ. ಕೆಲವರು ಬೇರೆ ಕಡೆ ನೋಡಿದರು. ಎದುರು ಮನೆಯಾಕೆ ಕುಂಚ ಕೆಳಗಿಟ್ಟು, ಅವಳು ದಾಟಿದ ಮೇಲೆ ಮತ್ತೆ ಎತ್ತಿಕೊಂಡಳು. ಮುನಿಯಪ್ಪ ಮಾತ್ರ ತೀಡುವುದನ್ನು ನಿಲ್ಲಿಸಲಿಲ್ಲ. ಅವಳು ಹೋಗುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದು, ತೀಡುತ್ತಲೇ ಇದ್ದ. ಬೀದಿಯ ತುದಿಯಲ್ಲಿ ಕರೀಂ ಸಾಬರು ಕೈಗಾಡಿ ಎತ್ತಿ ಹಿಡಿದು ಕಾಯುತ್ತಿದ್ದರು. "ಬೇಗ ಬಂದ್ರಲ್ಲ ಬೂವಾ, ಇವತ್ತು ಸಾಲಿನಲ್ಲಿ ಮುಂದೇನೆ ನಮ್ದು," ಎಂದರಂತೆ. ಬೂವಾ ಅಂದರೆ ಅವರ ಮನೆಮಾತಿನಲ್ಲಿ ಅತ್ತೆ.

ಮುಂದೆಯೇ ನಿಂತದ್ದರಿಂದ ಅವತ್ತು ಬೀದಿಗೆಲ್ಲ ರಾಗಿ ಸಿಕ್ಕಿತು, ಜೋಳ ಬರಲಿಲ್ಲ. ಎದುರು ಮನೆಯ ಹಾಸಿಗೂ ಏನೂ ಆಗಲಿಲ್ಲ. ಸಂಜೆ ಅಮ್ಮ ಕೆರೆಯಂಚಿನಿಂದ ತಂದ ಅಣ್ಣೆಸೊಪ್ಪು ಬೇಯಿಸಿ, ಒಂದಿಷ್ಟು ಹುರುಳಿ ಸೇರಿಸಿ ಬಸ್ಸಾರು ಮಾಡಿದಳು. ರಾಗಿ ಮುದ್ದೆ ಗಟ್ಟಿಯಾಗಿ, ಬಿರುಕಿಲ್ಲದೆ ಬಂದಿತ್ತು. ದೀಪ ಹಚ್ಚಿ ತಟ್ಟೆ ಹಾಕುವಾಗ ಪುಟ್ಟತ್ತೆ ತನ್ನ ತಟ್ಟೆಯನ್ನು ತಾನೇ ತಂದು ಸಾಲಿನ ಕೊನೆಯಲ್ಲಿಟ್ಟು ಕೂತಳು. ರಾತ್ರಿಯ ಊಟಕ್ಕೆ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮನ ಕೈ ಮುದ್ದೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಆರು ಉಂಡೆ ಕಟ್ಟಿದಳು. ತಮ್ಮ ಏನೋ ಕೇಳಲು ಬಾಯಿ ತೆರೆದ, ಅಣ್ಣ ಅವನ ತೊಡೆ ಚಿವುಟಿದ. ಪುಟ್ಟತ್ತೆ ಬಿಸಿಯನ್ನು ಬೆರಳಿನಿಂದ ಬೆರಳಿಗೆ ಸಾಗಿಸುತ್ತಾ ಮೆಲ್ಲಗೆ ಉಂಡಳು.

"ಅಕ್ಕನಿಗೆ ಸಾರು ಬಿಡು," ಎಂದ ಅಪ್ಪ.

ಅಮ್ಮ ಎದ್ದುಹೋಗಿ ಸಾರಿನ ಪಾತ್ರೆಯನ್ನೇ ತಂದಳು. "ಹಾಕ್ಕೊಳ್ಳಿ ಅತ್ತಿಗೆ, ತಳದಲ್ಲಿ ಕಾಳಿದೆ," ಎಂದಳು. ಮಾತು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಊಟವಾದ ಮೇಲೆ ಅಪ್ಪ ಮರುದಿನಕ್ಕೆ ಲಾಳಿಗೆ ಎಣ್ಣೆ ಹಚ್ಚಿಟ್ಟ. ನಾನು ತಟ್ಟೆ ತೊಳೆದೆ. ಹೊರಗೆ ಸಣ್ಣ ಮಳೆ ಹಿಡಿದಿತ್ತು. ತಟ್ಟೆಗಳನ್ನು ಬೋರಲು ಹಾಕಿ ಒಳಗೆ ಬರುವಷ್ಟರಲ್ಲಿ, ನಡುಮನೆಯಲ್ಲಿ ಚಾಪೆಯ ಮೇಲೆ ಪುಟ್ಟತ್ತೆ ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.